ಲೈಟು, ಹೌಸು, ಕೀಪರು: ನಡುವಿನ ಖಾಲಿ ಜಾಗದ ಕುರಿತು

ಇಲಾಖೆಯ ಪ್ರಧಾನ ಕಚೇರಿ
ಪತ್ರ ವ್ಯವಹಾರ ಶಾಖೆ (ಎರಡನೇ ಮಹಡಿ, ನೀರಿನ ಫಿಲ್ಟರಿನ ಪಕ್ಕ)

ಸಂಖ್ಯೆ: ಪವ್ಯಶಾ/ಜೋಡುಪದ/ಖಾಲಿಜಾಗ/01

ಸುತ್ತೋಲೆ

ವಿಷಯ: ಇಂಗ್ಲಿಷಿನ ಜೋಡುಪದಗಳನ್ನು ಕೂಡಿಸುವುದು, ಬಿಡಿಸುವುದು, ನಡುವೆ ಗೆರೆ ಎಳೆಯುವುದು ಹಾಗೂ ಹೀಗೆ ಮಾಡುವ ಮುನ್ನ ಯಾರನ್ನಾದರೂ ಒಂದು ಮಾತು ಕೇಳುವುದು – ಈ ಬಗ್ಗೆ.

ಉಲ್ಲೇಖ: (1) ದೀಪಗೋಪುರದ ಹುದ್ದೆಗೆ ಈ ಕಚೇರಿ ಹೊರಡಿಸಿದ ಜಾಹೀರಾತು.
(2) ಪ್ರಯಾಣಿಕರ ದೋಣಿಯ ಕಪ್ತಾನರ ದೂರು, ಲಕೋಟೆಯಿಲ್ಲದೆ ಬಂದದ್ದು.

ಪ್ರಸ್ತಾವನೆ:

ಬಂದರಿನ ಬಾಯಲ್ಲಿರುವ ಬಂಡೆಯ ಮೇಲೆ ಇಲಾಖೆಗೆ ಸೇರಿದ ದೀಪಗೋಪುರವೊಂದಿದೆ. ಕಡತದಲ್ಲಿ ಅದು ಲೈಟ್‌ಹೌಸ್, ಜನರ ಬಾಯಲ್ಲಿ ಲೈಟುಕಂಬ. ಇಂಗ್ಲಿಷಿಗೆ ಕನ್ನಡವನ್ನು ಗಂಟುಹಾಕಿದ ಈ ಪದ ಅರಿಸಮಾಸವೆಂದು ವ್ಯಾಕರಣ ಬಲ್ಲ ಸಿಬ್ಬಂದಿಯೊಬ್ಬರು ಆಕ್ಷೇಪ ಎತ್ತಿದ್ದರೂ, ದೋಣಿಗಳು ಅದೇ ಹೆಸರು ಹಿಡಿದು ದಾರಿ ತಪ್ಪದೆ ಬರುತ್ತಿರುವುದರಿಂದ ಇಲಾಖೆ ಕಂಡೂ ಕಾಣದಂತಿದೆ.

ಇದನ್ನು ನೋಡಿಕೊಳ್ಳುತ್ತಿದ್ದವರು ಎಲ್ಲರೂ ದೀಪದಜ್ಜ ಎಂದು ಕರೆಯುವ ಹಿರಿಯ ನೌಕರರು. ಅವರ ನಿವೃತ್ತಿಯ ವಯಸ್ಸು ಯಾವತ್ತೋ ದಾಟಿತ್ತು. ಬದಲಿಗೆ ಬರುವವರಿಲ್ಲದೆ ಬಿಡುಗಡೆ ಮಾಡಿರಲಿಲ್ಲ. ದಂಡೆಯ ಮನೆಯಲ್ಲಿದ್ದ ಅವರ ಹೆಂಡತಿ ಆಗಾಗ ಕಚೇರಿಗೆ ಬಂದು, "ನಾನು ಕಟ್ಟಿಕೊಂಡಿದ್ದು ಈ ಮನುಷ್ಯನ್ನ, ಆ ಕಂಬಾನಲ್ಲ" ಎಂದು ಹೇಳಿ ಹೋಗುತ್ತಿದ್ದರು. ಈ ಹೇಳಿಕೆಯನ್ನು ಪ್ರತಿ ಸಲವೂ ಸ್ವೀಕರಿಸಿ ಮುದ್ರೆ ಒತ್ತಲಾಗಿದೆ.

ಕೊನೆಗೆ ಜಾಹೀರಾತು ಕೊಡುವುದೆಂದಾಯಿತು. ಸಿಕ್ಕ ಜಾಗದ ಅಗಲ ಕಡಿಮೆ. ಬೆರಳಚ್ಚುಗಾರ್ತಿ ಲೈಟ್ ಎಂದು ಹೊಡೆಯುವಷ್ಟರಲ್ಲಿ ಸಾಲು ಮುಗಿಯಿತು. ಹೌಸನ್ನೂ ಕೀಪರನ್ನೂ ಕೆಳಗಿನ ಸಾಲಿಗೆ ಇಳಿಸಬೇಕಾಯಿತು. ಕೆಳಗಿನ ಸಾಲಿನಲ್ಲಿ ಎರಡು ಪದ ಮುನಿಸಿಕೊಂಡವರ ಹಾಗೆ ಬೇರೆ ಬೇರೆ ಕೂತಿರುವುದು ನೋಡಲು ಚೆನ್ನಾಗಿಲ್ಲವೆಂದು ಅವರು ಅವನ್ನು ಕೂಡಿಸಿದರು. ಲೈಟ್‌ಹೌಸ್ ಕಾಯಲು ಕೀಪರ್ ಬೇಕೆಂದು ಹೊರಟ ಇಲಾಖೆ ಹೀಗೆ ಲೈಟ್ ಆದ ಹೌಸ್‌ಕೀಪರ್ ಬೇಕೆಂದು, ಅಂದರೆ ಹಗುರವಾದ ಮನೆಗೆಲಸಕ್ಕೆ ಜನ ಬೇಕೆಂದು, ಪ್ರಕಟಿಸಿತು. ಅಕ್ಷರ ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ಖಾಲಿ ಜಾಗ ಮಾತ್ರ ಒಂದು ಮನೆ ಆಚೆ ಸರಿದಿತ್ತು.

ಇದನ್ನು ಓದಿದವರ ಪೈಕಿ ಒಂದು ದೊಡ್ಡ ಹೋಟೆಲಿನಲ್ಲಿ ಹಾಸಿಗೆ ಹಾಸಿ, ನೆಲ ಒರೆಸಿ, ಮಂಡಿ ಸವೆಸಿಕೊಂಡಿದ್ದ ಹೆಂಗಸೊಬ್ಬರ ತಂಗಿಯ ಮಗಳೂ ಇದ್ದಳು. ಆ ಹೆಂಗಸು ಇದ್ದದ್ದು ತಂಗಿಯ ಮನೆಯಲ್ಲಿ. ಒಳ್ಳೆಯ ಮನೆಯೇ, ಯಾರೂ ಒಂದು ಕೆಟ್ಟ ಮಾತು ಆಡಿದವರಲ್ಲ. ಆದರೆ ಮಲಗುವ ಜಾಗ ಮುಂದಿನ ಕೋಣೆ. ಎಲ್ಲರೂ ಟೀವಿ ನೋಡಿ ಎದ್ದ ಮೇಲೆ ಹಾಸಿಗೆ ಬಿಚ್ಚಬೇಕು, ಪೇಪರಿನವನು ಬಾಗಿಲಿಗೆ ಬರುವ ಮುಂಚೆ ಸುತ್ತಿಡಬೇಕು. ತಂಗಿಯ ಮಗಳು ಪತ್ರಿಕೆ ಮಡಿಸಿ ಮುಂದಿಟ್ಟು, "ದೊಡ್ಡಮ್ಮಾ, ಲೈಟ್ ಅಂದ್ರೆ ಹಗುರ. ಮೇಲೆ ಇರೋಕೆ ಮನೇನೂ ಕೊಡ್ತಾರಂತೆ. ನಿನ್ನ ಮಂಡಿಗೆ ಅಂತಲೇ ಬರೆದ ಹಾಗಿದೆ" ಎಂದಳು. ಅಂದಿನಿಂದ ಕಡತದಲ್ಲೂ ಅವರು ದೊಡ್ಡಮ್ಮ ಎಂದೇ ನಮೂದಾಗಿದ್ದಾರೆ.

ಸಂದರ್ಶನದ ನಡಾವಳಿ ಈ ಕೆಳಕಂಡಂತಿದೆ. ಎತ್ತರವೆಂದರೆ ಭಯವಿದೆಯೇ ಎಂದು ಕೇಳಲಾಯಿತು. "ಏಣಿ ಮೇಲೆ ನಿಂತು ಪರದೆ ಕಟ್ಟಿದೋಳು ಸಾರ್" ಎಂದರು. ಗಾಜು ಒರೆಸಲು ಬರುತ್ತದೆಯೇ ಎಂದಾಗ, "ನಾನು ಒರೆಸಿದ ಗಾಜಿಗೆ ಗೆಸ್ಟು ಹಣೆ ಹೊಡ್ಕೊಂಡಿದ್ದಾರೆ" ಎಂದರು. ರಾತ್ರಿಯೂ ಎಚ್ಚರವಿರಬೇಕಾಗುತ್ತದೆ ಎಂದು ತಿಳಿಸಲಾಗಿ, ಹೋಟೆಲಿನಲ್ಲಿ ಅದು ರೂಢಿಯೆಂದರು. ಒಬ್ಬರೇ ಇರಬೇಕಾಗುತ್ತದೆ ಎಂದಾಗ ಮಾತ್ರ, "ರೂಮು ನನ್ನೊಬ್ಬಳಿಗೇನಾ?" ಎಂದು ತಾವೇ ಕೇಳಿದರು. ಹೌದೆನ್ನಲಾಯಿತು. "ಹಾಗಾದ್ರೆ ಬರ್ತೀನಿ." ಬೇರೆ ಅರ್ಜಿದಾರರಿಲ್ಲದ ಕಾರಣ ಸಮಿತಿಯು ಇವರನ್ನು ತೀವ್ರ ಪೈಪೋಟಿಯ ನಡುವೆ ಆಯ್ಕೆ ಮಾಡಿತು.

ಒಂದು ಚೀಲ, ಒಂದು ಪೊರಕೆ ಹಿಡಿದು ದೊಡ್ಡಮ್ಮ ದೋಣಿಯಿಂದ ಬಂಡೆಗಿಳಿದರು. ದೀಪದಜ್ಜ ಪೊರಕೆಯನ್ನೇ ನೋಡಿದರು.

"ಯಾರಮ್ಮ ನೀವು?"

"ಹೌಸ್‌ಕೀಪರ್. ಮನೆ ಎಲ್ಲಿ?"

"ಇಲ್ಲೆಲ್ಲಿ ಬಂತು ಮನೆ. ಇದೊಂದು ಕಂಬ."

"ಲೈಟ್ ಕೆಲಸ ಅಂತ ಬರೆದಿದ್ರು."

"ಲೈಟಿನ ಕೆಲಸವೇ. ಲೈಟು ಮೇಲಿದೆ" ಎಂದು ಅಜ್ಜ ಮೆಟ್ಟಿಲು ತೋರಿಸಿದರು.

ಮೆಟ್ಟಿಲುಗಳು ಎಷ್ಟೆಂಬುದರ ಬಗ್ಗೆ ಇಲಾಖೆಯ ಎರಡು ದಾಖಲೆಗಳಲ್ಲಿ ಎರಡು ಲೆಕ್ಕವಿದ್ದು, ದೊಡ್ಡಮ್ಮ ಕತ್ತೆತ್ತಿ ನೋಡಿ ಎರಡನ್ನೂ ಒಪ್ಪದೆ ಮೊದಲನೆಯ ಮೆಟ್ಟಿಲ ಮೇಲೆಯೇ ಕುಳಿತುಬಿಟ್ಟರು. ಅಜ್ಜನ ಮುಖ ಇಳಿದುಹೋಯಿತು. ಹೆಂಡತಿಗೆ ಬರುತ್ತೇನೆಂದು ಹೇಳಿ ಕಳಿಸಿಯಾಗಿತ್ತು. ದೋಣಿ ಆಗಲೇ ಹೊರಟುಹೋಗಿದ್ದರಿಂದ ದೊಡ್ಡಮ್ಮನಿಗೆ ಆ ದಿನದ ಮಟ್ಟಿಗೆ ಕೆಳಗಿನ ಕೋಣೆ ಬಿಟ್ಟುಕೊಡಲಾಯಿತು. ಅವರು ಅದನ್ನು ಗುಡಿಸಿ, ಒರೆಸಿ, ಬಾಗಿಲು ಹಾಕಿ, ಒಳಗಿನಿಂದ ಚಿಲಕ ಹಾಕಿಕೊಂಡರು. ಆಮೇಲೆ ಎದ್ದು ಚಿಲಕ ತೆಗೆದು, ಸುಮ್ಮನೆ, ಇನ್ನೊಮ್ಮೆ ಹಾಕಿದರು. ಹೀಗೆ ಮಾಡಿದ್ದನ್ನು ಮುಂದೆ ನಡೆದ ವಿಚಾರಣೆಯಲ್ಲಿ ಅವರೇ ಹೇಳಿದ್ದು, ಅದರ ಅವಶ್ಯಕತೆ ಇರಲಿಲ್ಲವಾದರೂ ಯಾರೂ ಹೊಡೆದುಹಾಕಿಲ್ಲ.

ಬೆಳಗ್ಗೆ ಅಂಬಿಗ ಬಂದು, "ಹೊರಡೋಣವೇನಮ್ಮ?" ಎಂದ.

ಚೀಲ ಕಟ್ಟಿಟ್ಟೇ ಇತ್ತು. "ಇನ್ನೊಂದಿನ ನೋಡ್ತೀನಪ್ಪ. ಈ ಕಿಟಕಿ ಇನ್ನೂ ಒರೆಸಿಲ್ಲ."

ಕಿಟಕಿಗಳು ಮೆಟ್ಟಿಲ ಉದ್ದಕ್ಕೂ ಇದ್ದವು. ಮಂಡಿ ನೋಯುವವರೆಗೆ ಹತ್ತುವುದು, ನೋವು ಶುರುವಾದ ಕಡೆ ನಿಂತು ಅಲ್ಲಿಯ ಕಿಟಕಿ ಒರೆಸುವುದು, ನೋವು ಇಳಿದ ಮೇಲೆ ಮತ್ತೆ ಹತ್ತುವುದು. ಹೀಗೆ ಮನೆಗೆಲಸ ಮಾಡಿಕೊಂಡೇ ದೊಡ್ಡಮ್ಮ ತುದಿ ಮುಟ್ಟಿದರು. ಮುಟ್ಟಿದ ಮೇಲೆ ಕೆಳಗೆ ನೋಡಿ, ದಿನಾ ಇದನ್ನು ಮಾಡಲು ತಮ್ಮಿಂದಾಗದು, ಆದ್ದರಿಂದ ಇಳಿಯುವುದೇ ಬೇಡ ಎಂದು ನಿರ್ಧರಿಸಿದರು. ಎಣ್ಣೆ ಡಬ್ಬ ಎಳೆಯುವ ಹಗ್ಗದಲ್ಲಿ ಅಜ್ಜ ಕೆಳಗಿನ ಕೋಣೆಯ ಹಾಸಿಗೆ, ಒಲೆ, ಪಾತ್ರೆಗಳನ್ನು ಮೇಲೆಳೆದುಕೊಟ್ಟರು. ದೀಪದ ಕೆಳಗಿನ ಕೋಣೆ ಮನೆಯಾಯಿತು, ಅದಕ್ಕೂ ಚಿಲಕವಿತ್ತು. ದೀಪ ಹಚ್ಚುವುದು, ಗಾಜು ತಿರುಗಿಸುವುದು ಎಲ್ಲವನ್ನೂ ಕಲಿಸಿ ಅಜ್ಜ ದೋಣಿ ಹತ್ತಿದರು. ದಂಡೆಯಲ್ಲಿ ಹೆಂಡತಿ ಕೊಡೆ ಹಿಡಿದು ನಿಂತಿದ್ದರು. ಅಜ್ಜ ಹತ್ತಿರ ಬಂದಾಗ ಕೊಡೆಯನ್ನು ಅವರ ಕೈಗೆ ಕೊಟ್ಟು, "ಇನ್ಮೇಲೆ ಇದನ್ನ ಹಿಡ್ಕೊಳ್ಳಿ" ಎಂದರಂತೆ.

ಇಲ್ಲಿಯವರೆಗೆ ಇಲಾಖೆಗೆ ಏನೂ ಗೊತ್ತಿಲ್ಲದೆ ಎಲ್ಲವೂ ಸುಗಮವಾಗಿತ್ತು.

ಗೋಪುರದ ತುದಿಯಲ್ಲಿ ಸುತ್ತಲೂ ಕಂಬಿ ಇದೆ. ಗಾಳಿ ಚೆನ್ನಾಗಿದೆ. ಹೋಟೆಲಿನಲ್ಲಿ ಪಳಗಿದ ಕೈ. ಒಂದು ಬಿಸಿಲ ದಿನ ದೊಡ್ಡಮ್ಮ ಎರಡು ಬಿಳಿ ಬೆಡ್‌ಶೀಟು, ಒಂದು ನೀಲಿ, ಒಂದು ಕೆಂಪು ದಿಂಬಿನ ಚೀಲ ಒಗೆದು ಅಲ್ಲಿ ಒಣಹಾಕಿದರು. ಆ ಹೊತ್ತಿಗೆ ಪ್ರಯಾಣಿಕರ ದೋಣಿ ಬಂದರಿಗೆ ಬರುತ್ತಿತ್ತು. ಅದರ ಕಪ್ತಾನರು ಬಾವುಟದ ಭಾಷೆ ಕಲಿತವರು. ಕಲಿತದ್ದು ಉಪಯೋಗಕ್ಕೆ ಬಂದ ಮೊದಲ ದಿನ ಅದು. ಪುಸ್ತಕ ತೆಗೆದು ನೋಡಿ, ಬೆಡ್‌ಶೀಟುಗಳನ್ನು 'ಮುಂದೆ ಬರಬೇಡಿ' ಎಂದೂ ದಿಂಬಿನ ಚೀಲಗಳನ್ನು 'ಹೇಳಿ ಕಳಿಸುತ್ತೇವೆ' ಎಂದೂ ಓದಿ, ಲಂಗರು ಹಾಕಿದರು. ಬಟ್ಟೆ ಒಣಗುವವರೆಗೆ ದೋಣಿ ಬಿಸಿಲಲ್ಲಿ ನಿಂತಿತ್ತು. ಪ್ರಯಾಣಿಕರಲ್ಲಿ ನಮ್ಮ ಮಾನ್ಯ ನಿರ್ದೇಶಕರೂ ಇದ್ದರು, ಟೋಪಿಯಿಲ್ಲದೆ.

ಮರುದಿನವೇ ದೊಡ್ಡಮ್ಮನಿಗೆ ಬೆಡ್‌ಶೀಟಿನ ಮೇಲೆ ಚಾರ್ಜ್‌ಶೀಟ್ ಜಾರಿಯಾಯಿತು. ಚಾರ್ಜ್ ಮತ್ತು ಶೀಟನ್ನು ಕೂಡಿಸಬೇಕೋ ಬಿಡಬೇಕೋ ಎಂದು ಬೆರಳಚ್ಚುಗಾರ್ತಿ ಕೇಳಲು ಬಂದಾಗಲೇ ಹಳೆಯ ಜಾಹೀರಾತನ್ನು ತೆಗೆದು ನೋಡಲಾಗಿ, ಮೇಲ್ಕಂಡ ಸಂಗತಿ ಬೆಳಕಿಗೆ ಬಂತು.

ವಿಚಾರಣೆಯಲ್ಲಿ ತನಿಖಾಧಿಕಾರಿಗಳು ಪೇಚಿಗೆ ಸಿಲುಕಿದರು. ಆಕೆ ಹೌಸ್‌ಕೀಪರ್ ಆಗಿದ್ದಲ್ಲಿ ಬಟ್ಟೆ ಒಣಹಾಕಿದ್ದು ಕರ್ತವ್ಯ. ಆದರೆ ದಿನವೂ ದೀಪ ಹಚ್ಚಿದ್ದು ಅನಧಿಕೃತ. ಲೈಟ್‌ಹೌಸ್ ಕೀಪರ್ ಆಗಿದ್ದಲ್ಲಿ ದೀಪ ಸರಿ; ಬೆಡ್‌ಶೀಟು ಅಪರಾಧ. ಎರಡನ್ನೂ ಚಾರ್ಜ್‌ಶೀಟಿನಲ್ಲಿ ಸೇರಿಸಲಾಗಿತ್ತು.

ದೊಡ್ಡಮ್ಮ ಹೇಳಿದ್ದು ಇಷ್ಟು: "ಯಾವುದಾದ್ರೂ ಒಂದಕ್ಕೆ ಬಯ್ಯಿರಿ ಸಾರ್. ಎರಡಕ್ಕೂ ಬಯ್ಯೋಕೆ ನಾನು ಇಬ್ಬರಲ್ಲ."

"ನಿಮ್ಮನ್ನ ತೆಗೆದ್ರೆ ಏನು ಮಾಡ್ತೀರಿ?" ಎಂದು ತನಿಖಾಧಿಕಾರಿಗಳು ಕೇಳಿದರು. ಹೆದರಿಸಲು ಕೇಳಿದ್ದಲ್ಲ, ನಮೂನೆಯಲ್ಲಿ ಆ ಪ್ರಶ್ನೆಯಿತ್ತು.

"ಮಾಡೋದೇನು. ತಂಗಿ ಮನೆ ಇದೆ. ಮುಂದಿನ ಕೋಣೆ." ಇದನ್ನು ಹೇಳಿದ ಮೇಲೆ ಅವರು ಸೆರಗಿನ ತುದಿಯಿಂದ ಮೇಜಿನ ಮೇಲಿನ ಗಾಜನ್ನು ಒರೆಸತೊಡಗಿದರು. ಒರೆಸುತ್ತಿರುವುದು ಅವರಿಗೇ ಗೊತ್ತಿದ್ದಂತಿರಲಿಲ್ಲ.

ಹಿಂದಿನ ಬೆಂಚಿನಿಂದ ದೀಪದಜ್ಜನ ಹೆಂಡತಿ ಎದ್ದು ನಿಂತರು. ಅವರನ್ನು ಯಾರೂ ಕರೆದಿರಲಿಲ್ಲ. "ಇವರನ್ನ ತೆಗೆದು ನಮ್ಮನೆಯವರನ್ನ ವಾಪಸ್ ಕಳಿಸೋದಾದ್ರೆ ಈಗಲೇ ಹೇಳ್ಬಿಡಿ. ನಾನೂ ಹೋಗ್ತೀನಿ. ನಮ್ಮನೇಲಿ ಬೆಡ್‌ಶೀಟು ಇನ್ನೂ ಜಾಸ್ತಿ ಇವೆ."

ವಿಚಾರಣೆಯನ್ನು ಮುಂದೂಡಲಾಯಿತು. ಇಂಥದು ಮರುಕಳಿಸದಿರಲೆಂದು ಎಲ್ಲ ಸಿಬ್ಬಂದಿಗೆ ಈ ಕೆಳಗಿನಂತೆ ಸೂಚಿಸಲಾಗಿದೆ.

1. ಎರಡು ಪದಗಳ ನಡುವಿನ ಖಾಲಿ ಜಾಗ ಇಲಾಖೆಯ ಸ್ವತ್ತು. ಅನುಮತಿಯಿಲ್ಲದೆ ಪದಗಳನ್ನು ಕೂಡಿಸುವುದನ್ನು ಒತ್ತುವರಿ ಎಂದೂ, ಇಲ್ಲದ ಕಡೆ ಜಾಗ ಬಿಡುವುದನ್ನು ಅನಧಿಕೃತ ಬಡಾವಣೆ ಎಂದೂ ಪರಿಗಣಿಸಲಾಗುವುದು.

2. ಇಂಗ್ಲಿಷಿನ ಜೋಡುಪದಗಳು ಮೂರು ಬಗೆಯಲ್ಲಿ ಸಂಸಾರ ಮಾಡುತ್ತವೆ. ಕೆಲವು ವೇಟಿಂಗ್ ರೂಮಿನ ಹಾಗೆ ಬೇರೆ ಬೇರೆ ಕುರ್ಚಿಯಲ್ಲಿ ಕೂತಿರುತ್ತವೆ. ಕೆಲವು ಮದರ್-ಇನ್-ಲಾ ಹಾಗೆ ಗೆರೆಯ ಕೈ ಹಿಡಿದಿರುತ್ತವೆ. ಕೆಲವು ಬೆಡ್‌ರೂಮಿನ ಹಾಗೆ ಬಾಗಿಲು ಹಾಕಿಕೊಂಡಿರುತ್ತವೆ. ಯಾವ ಜೋಡಿ ಯಾವ ಬಗೆಯದೆಂದು ಮೂರು ನಿಘಂಟುಗಳನ್ನು ಕೇಳಲಾಗಿ, ಒಂದರ ಉತ್ತರ ಇನ್ನೊಂದಕ್ಕೆ ತಾಳೆಯಾಗಿಲ್ಲ. ಮೂರಕ್ಕೂ ಕಾರಣ ಕೇಳಿ ನೋಟಿಸ್ ಕಳಿಸಲಾಗಿದೆ.

3. ಜೋಡುಪದದಲ್ಲಿ ಕೊನೆಯದೇ ಯಜಮಾನ. ಹೌಸ್‌ಬೋಟ್ ಎಂಬುದು ಬೋಟು, ಬೋಟ್‌ಹೌಸ್ ಎಂಬುದು ಹೌಸು. ಬೋಟ್‌ಹೌಸಿನಲ್ಲಿ ವಸತಿ ಮಂಜೂರಾದವರು ಅದು ತೇಲುತ್ತಿಲ್ಲವೆಂದು ದೂರತಕ್ಕದ್ದಲ್ಲ. ಹೌಸ್‌ಬೋಟ್ ಮಂಜೂರಾದವರು ಬೆಳಗ್ಗೆ ಎದ್ದು ನೋಡಿದಾಗ ಕಚೇರಿ ದೂರ ಹೋಗಿತ್ತೆಂದು ತಡವಾಗಿ ಬರತಕ್ಕದ್ದಲ್ಲ.

4. ಮುಂದಿನ ಪದ ಹಿಂದಿನದಕ್ಕೆ ಏನಾಗಬೇಕೆಂದು ವಿಚಾರಿಸಬಾರದು. ಸನ್‌ಗ್ಲಾಸ್ ಬಿಸಿಲು ಬೇಡವೆಂದು ಹಾಕುವುದು, ರೀಡಿಂಗ್ ಗ್ಲಾಸ್ ಓದು ಬೇಕೆಂದು ಹಾಕುವುದು. ಒಂದೇ ಮೂಗಿನ ಮೇಲೆ ಕೂರುವ ಎರಡು ಕನ್ನಡಕಗಳಿಗೆ ಈ ತಾರತಮ್ಯವೇಕೆಂದು ಲೆಕ್ಕಪತ್ರ ಶಾಖೆಯವರು ಬರೆದಿರುವ ಟಿಪ್ಪಣಿಯನ್ನು ವಾಪಸ್ ಪಡೆಯತಕ್ಕದ್ದು. ಬಟರ್‌ಫ್ಲೈಯಲ್ಲಿ ಬೆಣ್ಣೆ ಹುಡುಕಿದವರ ಮೇಲೆ ಕ್ರಮ ಜರುಗಿಸುವುದಿಲ್ಲ. ಅವರ ಪಾಡಿಗೆ ಬಿಡಲಾಗುವುದು.

5. ಬಾಯಲ್ಲಿ ಹೇಳುವಾಗ ಜಾಗ ಕಾಣದು, ಒತ್ತು ಕೇಳಿಸುತ್ತದೆ. ಲೈಟ್ ಎಂಬಲ್ಲಿ ಒತ್ತು ಬಿದ್ದರೆ ದೀಪಗೋಪುರ, ಹೌಸ್ ಎಂಬಲ್ಲಿ ಬಿದ್ದರೆ ಮನೆಗೆಲಸ. ಸಂದರ್ಶನ ಸಮಿತಿಯವರು ಯಾವುದನ್ನೂ ಒತ್ತದೆ ಗೊಣಗಿದ್ದು ಈ ಅನಾಹುತಕ್ಕೆ ಭಾಗಶಃ ಕಾರಣ. ಇನ್ನು ಮುಂದೆ ಸಿಬ್ಬಂದಿಯು ಪ್ರತಿದಿನ ಊಟಕ್ಕೆ ಮುಂಚೆ ಕಾರಿಡಾರಿನಲ್ಲಿ ನಿಂತು ಬ್ಲ್ಯಾಕ್‌ಬೋರ್ಡ್ ಎಂದು ಮೊದಲ ಪದವನ್ನು ಒತ್ತಿ, ನಂತರ ಎರಡನೆಯದನ್ನು ಒತ್ತಿ ಹೇಳಿ ಅಭ್ಯಾಸ ಮಾಡತಕ್ಕದ್ದು. ಕಚೇರಿಯ ಬ್ಲ್ಯಾಕ್‌ಬೋರ್ಡಿಗೆ ಹಸಿರು ಬಣ್ಣ ಬಳಿದಿರುವುದು ಬೇರೆ ಕಡತದ ವಿಷಯ.

6. ಬಹುವಚನ ಮಾಡುವಾಗ ಮದರ್-ಇನ್-ಲಾ ಪದದಲ್ಲಿ ಎಸ್ ಅಕ್ಷರ ಅತ್ತೆಗೆ ಸೇರಬೇಕೇ ಹೊರತು ಕಾನೂನಿಗಲ್ಲ. ಒಬ್ಬರಿಗೆ ಒಂದಕ್ಕಿಂತ ಹೆಚ್ಚು ಅತ್ತೆಯರಿದ್ದಲ್ಲಿ ಮಾತ್ರ ಈ ನಿಯಮ ಬೇಕಾಗುವುದರಿಂದ, ಅಂಥ ನೌಕರರು ಸೇವಾಪುಸ್ತಕದೊಂದಿಗೆ ಖುದ್ದು ಭೇಟಿಯಾಗಿ ವಿವರಣೆ ನೀಡತಕ್ಕದ್ದು.

7. ನಡುವಿನ ಕಿರುಗೆರೆ ಎರಡು ಪದಗಳಿಗೆ ಹಾಕಿದ ಕಾಲುಸಂಕ. ಕಾಮಗಾರಿ ಶಾಖೆಯ ಒಪ್ಪಿಗೆ ಪಡೆದೇ ಹಾಕಬೇಕು. ಸಾಲಿನ ಕೊನೆಯಲ್ಲಿ ಜಾಗ ಸಾಲದಿದ್ದಲ್ಲಿ ಪದವನ್ನು ಮುರಿಯಬಾರದು. ಅಗಲವಾದ ಕಾಗದಕ್ಕೆ ಬೇಡಿಕೆ ಸಲ್ಲಿಸಿ ಕಾಯಬೇಕು. ಇದರಲ್ಲಿ ಬೆರಳಚ್ಚುಗಾರ್ತಿಯ ತಪ್ಪು ಕಂಡುಬಂದಿಲ್ಲ. "ಸಾಲು ಮುಗಿದುಹೋಯ್ತು ಸಾರ್, ನಾನೇನ್ ಮಾಡ್ಲಿ" ಎಂಬ ಅವರ ಸಮಜಾಯಿಷಿಯನ್ನು ಒಪ್ಪಿ ಮುದ್ರೆ ಒತ್ತಲಾಗಿದೆ.

8. ಈ ನಡುವೆ ಮಾನ್ಯ ನಿರ್ದೇಶಕರು, ಬಿಸಿಲಿನ ಸಿಟ್ಟು ಇನ್ನೂ ಆರದಿರುವಾಗಲೇ, ಸ್ಥಳ ತಪಾಸಣೆಗೆಂದು ಬಂಡೆಗೆ ತೆರಳಿದರು. ಆ ಗೋಪುರ ಹತ್ತಿದ ನಿರ್ದೇಶಕರು ಹಿಂದೆ ಯಾರೂ ಇಲ್ಲ. ಅವರಿಗೂ ಮಂಡಿ ಇದೆ ಎಂಬುದು ಅಂದು ತಿಳಿದುಬಂತು. ನೋವು ಶುರುವಾಗುವ ಪ್ರತಿಯೊಂದು ಕಡೆಯೂ ಒಂದೊಂದು ಕಿಟಕಿ, ಕಿಟಕಿಯ ಕೆಳಗೆ ಒಂದೊಂದು ಸ್ಟೂಲು ಇದ್ದವು. ಗಾಜು ಎಷ್ಟು ತಿಳಿಯಾಗಿತ್ತೆಂದರೆ ಅವರು ಒಂದೆರಡು ಬಾರಿ ಹಣೆ ಹೊಡೆದುಕೊಂಡಿದ್ದಾರೆ.

ಮೇಲೆ ದೊಡ್ಡಮ್ಮ ಚಹಾ ಕೊಟ್ಟರು. ನಿರ್ದೇಶಕರು ಕುಡಿದರು. ಪ್ರಶ್ನೆ ಕೇಳಲು ಬರೆದುಕೊಂಡು ಹೋಗಿದ್ದ ಚೀಟಿ ಜೇಬಿನಲ್ಲೇ ಉಳಿಯಿತು. ಅಲ್ಲಿಂದ ಕೆಳಗಿನ ಬಂದರು, ಕಚೇರಿ, ತಮ್ಮದೇ ಕೋಣೆಯ ಕಿಟಕಿ, ಎಲ್ಲವೂ ಬೆರಳಿನಷ್ಟು ಕಾಣುತ್ತಿದ್ದವು. ಹೊತ್ತು ಇಳಿಯುತ್ತಿತ್ತು. ದೊಡ್ಡಮ್ಮ ಕಂಬಿಯಿಂದ ಬೆಡ್‌ಶೀಟೊಂದನ್ನು ತೆಗೆದು ಒಂದು ಅಂಚನ್ನು ಅವರತ್ತ ಚಾಚಿದರು.

"ತಪ್ಪು ತಿಳ್ಕೋಬೇಡಿ ಸಾರ್. ಗಾಳಿ ಜಾಸ್ತಿ, ಒಬ್ಬಳ ಕೈಲಿ ಮಡಿಸೋಕಾಗಲ್ಲ. ಒಂಚೂರು ಆ ಕಡೆ ಹಿಡ್ಕೋತೀರಾ?"

ಮಾನ್ಯ ನಿರ್ದೇಶಕರು ಎದ್ದು ಹಿಡಿದುಕೊಂಡರು. ಇಬ್ಬರೂ ಎಳೆದು ನಿಂತರು, ಮಡಿಸಿದರು, ಮತ್ತೆ ಎಳೆದರು. ಆಮೇಲೆ ನಾಲ್ಕು ಹೆಜ್ಜೆ ಇವರು ಬಂದು, ನಾಲ್ಕು ಹೆಜ್ಜೆ ಅವರು ಬಂದು, ತುದಿಗೆ ತುದಿ ಕೂಡಿಸಿದರು. ನಡುವೆ ಸುಕ್ಕು ಉಳಿಯಲಿಲ್ಲ. ಅದನ್ನು ಕಂಕುಳಲ್ಲಿ ಇಟ್ಟುಕೊಂಡೇ ದೊಡ್ಡಮ್ಮ ದೀಪ ಹಚ್ಚಿದರು.

ದಂಡೆಗೆ ವಾಪಸ್ ಬಂದ ಮೇಲೆ ನಿರ್ದೇಶಕರು ಈ ಶಾಖೆಗೆ ಮೌಖಿಕವಾಗಿ ಆದೇಶಿಸಿದ್ದು ಇಷ್ಟೇ: "ಆಯಮ್ಮನ ತಂಟೆಗೆ ಯಾರೂ ಹೋಗಬೇಡಿ. ಇದನ್ನ ಸ್ವಲ್ಪ ನಮ್ಮ ಭಾಷೇಲಿ ಬರೆದುಬಿಡಿ." ಅದರಂತೆ ಈ ಸುತ್ತೋಲೆಯನ್ನು ಬರೆಯಲಾಗಿದೆ.

9. ಸದರಿ ಹುದ್ದೆಯ ಹೆಸರನ್ನು ಇನ್ನು ಮುಂದೆ ಲೈಟ್-ಹೌಸ್-ಕೀಪರ್ ಎಂದು, ಎರಡೂ ಕಡೆ ಗೆರೆ ಹಾಕಿ, ಬರೆಯತಕ್ಕದ್ದು. ನಡುವಿನ ಹೌಸನ್ನು ಎಡಗಡೆಯವರೂ ಬಲಗಡೆಯವರೂ ಎಳೆಯದೆ ಅದರ ಪಾಡಿಗೆ ಬಿಡತಕ್ಕದ್ದು. ದೀಪ ಹಚ್ಚುವುದೂ ಬಟ್ಟೆ ಒಣಹಾಕುವುದೂ ಹುದ್ದೆಯ ಕರ್ತವ್ಯಗಳೆಂದು ಪರಿಗಣಿಸಿ, ಚಾರ್ಜನ್ನು ಕೈಬಿಟ್ಟು, ಶೀಟನ್ನು ಹಿಂದಿರುಗಿಸಲಾಗಿದೆ. ಇಂಥ ಗೆರೆ ಇಂಗ್ಲಿಷಿನಲ್ಲಿ ಸರಿಯೇ ಎಂದು ಕೇಳುವವರು, ಗೋಪುರ ಹತ್ತಿ ಹೋಗಿ ಕೇಳತಕ್ಕದ್ದು.

ಮಾನ್ಯ ನಿರ್ದೇಶಕರ ಆದೇಶದ ಮೇರೆಗೆ ಮತ್ತು ಅವರ ಹೆಸರಿನಲ್ಲಿ,

(ಸಹಿ)
ಶಾಖಾಧಿಕಾರಿ
ಪತ್ರ ವ್ಯವಹಾರ ಶಾಖೆ

ಪ್ರತಿಗಳು:

1. ಎಲ್ಲ ಶಾಖೆಗಳಿಗೆ, ಓದಿದಂತೆ ಸಹಿ ಮಾಡಿ ಹಿಂದಿರುಗಿಸಲು.
2. ಸಂದರ್ಶನ ಸಮಿತಿಯ ಸದಸ್ಯರಿಗೆ, ಬಾಯಿ ಬಿಟ್ಟು ಮಾತಾಡಲು ಕೋರಿ.
3. ಪ್ರಯಾಣಿಕರ ದೋಣಿಯ ಕಪ್ತಾನರಿಗೆ, ಬೆಡ್‌ಶೀಟುಗಳನ್ನು ಓದದಿರಲು ವಿನಂತಿಸಿ.
4. ಬೆರಳಚ್ಚುಗಾರ್ತಿಗೆ, ಅಗಲವಾದ ಕಾಗದ ಒಂದು ಕಟ್ಟು ಸಹಿತ.
5. ದೀಪದಜ್ಜನ ಹೆಂಡತಿಗೆ, ಮಾಹಿತಿಗಾಗಿ. ಇನ್ನು ಕಚೇರಿಗೆ ಬರುವ ಅವಶ್ಯಕತೆಯಿಲ್ಲ. ಬಂದಲ್ಲಿ ಕುರ್ಚಿ ಕೊಡಲಾಗುವುದು.
6. ನಿಘಂಟುಗಳಿಗೆ, ನೆನಪೋಲೆ.
7. ಲೈಟ್-ಹೌಸ್-ಕೀಪರ್ ಅವರಿಗೆ. ಈ ಪ್ರತಿಯನ್ನು ಮಾನ್ಯ ನಿರ್ದೇಶಕರು ಖುದ್ದಾಗಿ ತಲುಪಿಸುವುದಾಗಿ ಹೇಳಿ ತೆಗೆದುಕೊಂಡು ಹೋಗಿದ್ದಾರೆ.